ಅಂಟು, ಬೆಸುಗೆ, ಎರಕ: ಆರ್‌ಎಫ್‌ಐಡಿ ಟ್ಯಾಗ್ ಕೊಳ್ಳುವ ಮುನ್ನ ಅದರ ಪದರ ನೋಡಿ

ಪಿಕಪ್ ಗಾಡಿಯ ಮುಂದಿನ ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್, ಬೆಂಗಳೂರಿಗೆ ಹೋದಾಗ ಕೈಗೆ ಸಿಗುವ ನಮ್ಮ ಮೆಟ್ರೋ ಟೋಕನ್, ಮುಟ್ಟಿಸಿದರೆ ಹಣ ಕಟ್ಟಾಗುವ ಬ್ಯಾಂಕ್ ಕಾರ್ಡ್. ನೋಡೋಕೆ ಬೇರೆ ಬೇರೆಯಾದರೂ ಇವೆಲ್ಲ ಒಂದೇ ಜಾತಿಯವು. ಬ್ಯಾಟರಿ ಇಲ್ಲದೆ, ತಂತಿ ಇಲ್ಲದೆ, ರೇಡಿಯೋ ಅಲೆಯ ಮೂಲಕ ತಮ್ಮ ಗುರುತು ಹೇಳುವ ವಸ್ತುಗಳು. ಇವನ್ನೇ ಆರ್‌ಎಫ್‌ಐಡಿ ಟ್ಯಾಗ್ ಅಂತ ಕರೆಯೋದು.

ಈಗ ಇವು ತೋಟಕ್ಕೂ ಬರುತ್ತಿವೆ. ಮರಕ್ಕೊಂದು ಟ್ಯಾಗ್, ಕ್ರೇಟಿಗೊಂದು ಟ್ಯಾಗ್, ಕೆಲಸಗಾರರ ಹಾಜರಿಗೊಂದು ಕಾರ್ಡ್. ಮೊಬೈಲ್ ಹತ್ತಿರ ಹಿಡಿದರೆ ಯಾವ ತಳಿ, ಯಾವಾಗ ಕಸಿ ಕಟ್ಟಿದ್ದು, ಕೊನೆಯ ಸಿಂಪರಣೆ ಯಾವತ್ತು ಅನ್ನೋದು ತೆರೆದುಕೊಳ್ಳುತ್ತದೆ. ಸಾವಯವ ಪ್ರಮಾಣಪತ್ರಕ್ಕಾಗಿ ದಾಖಲೆ ಇಡುವವರಿಗೆ ಇದು ನಿಜವಾಗಿಯೂ ಅನುಕೂಲ. ಆದರೆ ಮಾರಲು ಬರುವವರು ಚಿಪ್ಪಿನ ಬಗ್ಗೆ, ಆ್ಯಪ್ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಚಿಪ್ಪನ್ನು ಯಾವುದರಲ್ಲಿ ಸುತ್ತಿದ್ದಾರೆ ಅನ್ನೋದರ ಬಗ್ಗೆ ಒಂದು ಮಾತೂ ಇಲ್ಲ. ತೋಟದಲ್ಲಿ ಟ್ಯಾಗ್ ಸಾಯೋದು ಬಹುತೇಕ ಚಿಪ್ಪಿನ ದೋಷದಿಂದ ಅಲ್ಲ, ಅದರ ಪದರ ಬಿಟ್ಟುಕೊಳ್ಳುವುದರಿಂದ.

ನಮ್ಮ ಸಾವಯವ ಗುಂಪಿನ ಒಬ್ಬ ಮಾವು ಬೆಳೆಗಾರರು ಮರಗಳಿಗೆ ಹಾಕಲು ಒಂದು ಕಂತೆ ಲೇಬಲ್ ಕೊಂಡರು. ಮೇಲ್ಮೈ ಕಾಗದದ್ದು, ಕೆಳಗೆ ಸಾಧಾರಣ ಅಂಟು. ಗೋದಾಮಿನ ರಟ್ಟಿನ ಪೆಟ್ಟಿಗೆಗೆ ಹೇಳಿಮಾಡಿಸಿದ ಮಾಲು ಅದು. ಜೂನ್ ಮಳೆಗೆ ಅಂಚು ಉಬ್ಬಿತು, ಆಗಸ್ಟ್ ಹೊತ್ತಿಗೆ ಅರ್ಧಕ್ಕರ್ಧ ಲೇಬಲ್ ಓದುತ್ತಿರಲಿಲ್ಲ. ತಪಾಸಣೆ ಹತ್ತಿರ ಬಂದಾಗ ಯಾವ ಮರದ ದಾಖಲೆ ಯಾವುದು ಅಂತ ಮತ್ತೆ ನೋಟ್‌ಬುಕ್ ಹಿಡಿದು ತೋಟ ಸುತ್ತಬೇಕಾಯಿತು. ಹೋಗಿದ್ದು ಲೇಬಲ್ಲಿನ ದುಡ್ಡು ಮಾತ್ರ ಅಲ್ಲ, ಒಂದು ಹಂಗಾಮಿನ ನಂಬಿಕೆಯೂ ಹೋಯಿತು.

ಹಾಗಾಗಿ ಈ ವಾರದ ಪಾಠ ಇದು: ಆರ್‌ಎಫ್‌ಐಡಿ ಲೇಬಲ್ ಮತ್ತು ಕಾರ್ಡನ್ನು ಪದರದ ಮೇಲೆ ಪದರ ಇಟ್ಟು ಹೇಗೆ ಕಟ್ಟುತ್ತಾರೆ, ಯಾವ ಕಟ್ಟುವಿಕೆ ತೋಟದ ಯಾವ ಕೆಲಸಕ್ಕೆ ಸರಿ.

ಮೊದಲು ಒಳಗೆ ಏನಿದೆ ನೋಡೋಣ

ಒಂದು ಆರ್‌ಎಫ್‌ಐಡಿ ಲೇಬಲ್ ಅಥವಾ ಬಿಳಿ ಗೇಟ್ ಕಾರ್ಡ್ ತೆಗೆದುಕೊಳ್ಳಿ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿ, ಅದರ ಮೇಲೆ ಕಾರ್ಡ್ ಒತ್ತಿ ಹಿಡಿಯಿರಿ. ಅಂಚಿನ ಗುಂಟ ಕೋಲಂ ಗೆರೆಯಂತೆ ಸುತ್ತು ಸುತ್ತಾಗಿ ನೆರಳು ಕಾಣುತ್ತದೆ. ಅದು ಆಂಟೆನಾ. ಆ ಗೆರೆ ಸೇರುವ ಕಡೆ ಸಣ್ಣ ಚುಕ್ಕೆ ಇದ್ದರೆ ಅದೇ ಚಿಪ್. ಲೇಬಲ್‌ಗಳಲ್ಲಿ ಚಿಪ್ ಸಾಸಿವೆ ಕಾಳಿಗಿಂತ ಚಿಕ್ಕದಿರುತ್ತದೆ.

ಕೆಲಸ ಮಾಡೋದು ಹೀಗೆ. ಓದುವ ಯಂತ್ರ ಅಥವಾ ಮೊಬೈಲ್ ರೇಡಿಯೋ ಅಲೆ ಬಿಡುತ್ತದೆ. ಆಂಟೆನಾ ಆ ಅಲೆಯಿಂದಲೇ ಚೂರು ವಿದ್ಯುತ್ ಹಿಡಿದು ಚಿಪ್ಪನ್ನು ಎಬ್ಬಿಸುತ್ತದೆ. ಎದ್ದ ಚಿಪ್ ಅದೇ ಆಂಟೆನಾದ ಮೂಲಕ ತನ್ನ ನಂಬರ್ ಹೇಳುತ್ತದೆ. ಅಂದರೆ ಆಂಟೆನಾ ಒಂದು ಕಡೆ ತುಂಡಾದರೂ, ಚಿಪ್ ಮತ್ತು ಆಂಟೆನಾ ಸೇರುವ ಜಾಗ ಸಡಿಲವಾದರೂ ಟ್ಯಾಗ್ ಮೂಕ. ಉಳಿದ ಪದರಗಳೆಲ್ಲ ಇರೋದು ಈ ಎರಡನ್ನು ಕಾಪಾಡೋಕೆ. ಹೋಳಿಗೆಯಲ್ಲಿ ಕಣಕ ಹರಿದರೆ ಹೂರಣ ಹೊರಬೀಳುತ್ತದಲ್ಲ, ಹಾಗೆ.

ನಿಮ್ಮ ಮೊಬೈಲ್ ಯಾವುದನ್ನು ಓದುತ್ತದೆ?

ಪದರಕ್ಕೆ ಹೋಗುವ ಮುನ್ನ ಇದೊಂದು ಗೊತ್ತಿರಬೇಕು. ಟ್ಯಾಗ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ.

1. ಕಡಿಮೆ ಆವರ್ತನದವು. ಜಾನುವಾರುಗಳ ಎಲೆಕ್ಟ್ರಾನಿಕ್ ಕಿವಿಯೋಲೆ ಕೆಲಸ ಮಾಡೋದು 134.2 ಕಿಲೋಹರ್ಟ್ಸ್‌ನಲ್ಲಿ. ನೀರು, ಮಾಂಸದ ಮೂಲಕವೂ ಈ ಅಲೆ ಹಾಯುತ್ತದೆ. ಓದಲು ಬೇರೆ ಯಂತ್ರ ಬೇಕು, ಮೊಬೈಲ್‌ನಲ್ಲಿ ಆಗಲ್ಲ.

2. 13.56 ಮೆಗಾಹರ್ಟ್ಸ್‌ನವು. ಬ್ಯಾಂಕ್ ಕಾರ್ಡ್ ಇದೇ ಗುಂಪು. ಮೊಬೈಲ್‌ನಲ್ಲಿರುವ ಎನ್‌ಎಫ್‌ಸಿ ಓದೋದು ಇದನ್ನೇ, ಅದೂ ಕೆಲವೇ ಸೆಂಟಿಮೀಟರ್ ದೂರದಿಂದ.

3. ಅತಿ ಹೆಚ್ಚು ಆವರ್ತನದವು. ಫಾಸ್ಟ್ಯಾಗ್ ಈ ಗುಂಪು; ನಮ್ಮ ದೇಶದಲ್ಲಿ 865 ಮೆಗಾಹರ್ಟ್ಸ್ ಆಸುಪಾಸು. ಹಲವು ಮೀಟರ್ ದೂರದಿಂದ ಓದಬಹುದು. ಆದರೆ ಮಾಮೂಲಿ ಮೊಬೈಲ್ ಓದಲ್ಲ, ಪ್ರತ್ಯೇಕ ರೀಡರ್ ಬೇಕು.

ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಎನ್‌ಎಫ್‌ಸಿ ಇರುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಎನ್‌ಎಫ್‌ಸಿ ಅಂತ ಹುಡುಕಿ. ಅದು ಇಲ್ಲ ಅಂದರೆ ಟ್ಯಾಗ್ ಕೊಂಡು ಪ್ರಯೋಜನವಿಲ್ಲ, ಕ್ಯೂಆರ್ ಕೋಡ್ ಸಾಕು.

ಇನ್ನೊಂದು ಮಾತು. ಸರ್ಕಾರದಿಂದ ಹಸು, ಎಮ್ಮೆಗಳ ಕಿವಿಗೆ ಹಾಕುವ 12 ಅಂಕಿಯ ಹಳದಿ ಓಲೆ ಆರ್‌ಎಫ್‌ಐಡಿ ಅಲ್ಲ. ಅದರ ಮೇಲಿರೋದು ಅಚ್ಚು ಹಾಕಿದ ನಂಬರ್ ಮತ್ತು ಬಾರ್‌ಕೋಡ್. ಒಳಗೆ ಚಿಪ್ ಇಲ್ಲ.

ಮೊದಲ ವಿಧಾನ: ಅಂಟು

ಲೇಬಲ್ ತಯಾರಾಗೋದು ಅಂಟಿನಿಂದ. ಕೆಳಗಿನಿಂದ ಮೇಲಕ್ಕೆ ನೋಡೋಣ.

ಅಡಿಪಾಯ ಒಂದು ಪೆಟ್ ಫಿಲಂ. ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್ಕೇ ಇದು, ತೆಳ್ಳಗಿನ ಹಾಳೆಯ ರೂಪದಲ್ಲಿ. ದಪ್ಪ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು. ನಾವು ತರಕಾರಿ ಮಡಿಗೆ ಹಾಸುವ ಮಲ್ಚಿಂಗ್ ಶೀಟ್ 25–30 ಮೈಕ್ರಾನ್, ಅಂದಾಜಿಗೆ ಅದರ ಎರಡು ಪಟ್ಟು ಅನ್ನಿ. ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಅಂಟಿಸುತ್ತಾರೆ. ಇದು ಹೋಟೆಲಿನಲ್ಲಿ ಚಪಾತಿ ಸುತ್ತಿಕೊಡುವ ಫಾಯಿಲ್‌ನಷ್ಟೇ ತೆಳು. ಆಮೇಲೆ ಆಂಟೆನಾ ಇರಬೇಕಾದ ಕಡೆ ಮಾತ್ರ ರಕ್ಷಣೆಯ ಶಾಯಿ ಮುದ್ರಿಸಿ, ರಾಸಾಯನಿಕ ದ್ರಾವಣದಲ್ಲಿ ಹಾಯಿಸುತ್ತಾರೆ. ಶಾಯಿ ಇಲ್ಲದ ಕಡೆಯ ಲೋಹ ಕರಗಿ ಹೋಗುತ್ತದೆ, ಆಂಟೆನಾ ಉಳಿಯುತ್ತದೆ. ಲೋಹದ ಹಾಳೆಯನ್ನು ಅಚ್ಚಿನಿಂದ ಕತ್ತರಿಸುವುದು, ಬೆಳ್ಳಿಯ ಪುಡಿ ಬೆರೆಸಿದ ಶಾಯಿಯಲ್ಲಿ ನೇರವಾಗಿ ಮುದ್ರಿಸುವುದು ಕೂಡ ಚಾಲ್ತಿಯಲ್ಲಿದೆ.

ಎನ್‌ಎಫ್‌ಸಿ ಲೇಬಲ್‌ನ ಆಂಟೆನಾ ಸುರುಳಿ. ಅದರ ಒಂದು ತುದಿ ಒಳಗೆ, ಇನ್ನೊಂದು ಹೊರಗೆ. ನಡುವಿನ ಸುತ್ತುಗಳಿಗೆ ತಾಗದಂತೆ ಎರಡನ್ನೂ ಸೇರಿಸಲು ಫಿಲಂನ ಹಿಂಬದಿಯಲ್ಲಿ ಒಂದು ಸಣ್ಣ ಸೇತುವೆ ಹಾಕುತ್ತಾರೆ. ಫಾಸ್ಟ್ಯಾಗ್ ಮಾದರಿಯ ಆಂಟೆನಾ ಸುರುಳಿಯಲ್ಲ, ಎರಡು ಕಡೆ ಚಾಚಿದ ಕೈಗಳು. ಆ ಆವರ್ತನದ ಅರ್ಧ ಅಲೆಯ ಉದ್ದ ಸುಮಾರು 17 ಸೆಂ.ಮೀ. ಅಷ್ಟು ಉದ್ದದ ಲೇಬಲ್ ಬೇಡ ಅಂತ ಕೈಗಳನ್ನು ಹಾವಿನಂತೆ ಅಂಕುಡೊಂಕಾಗಿ ಮಡಚಿರುತ್ತಾರೆ.

ಈಗ ಚಿಪ್ ಕೂರಿಸುವ ಕೆಲಸ. ಇದು ನಮ್ಮ ಕಸಿ ಕಟ್ಟುವ ಕೆಲಸದಂತೆಯೇ. ಕಸಿಕಡ್ಡಿಯ ಹಸಿ ಪದರ ಬೇರುಸಸಿಯ ಹಸಿ ಪದರಕ್ಕೆ ಕೂಡದಿದ್ದರೆ ಕಸಿ ಹಿಡಿಯಲ್ಲ. ಇಲ್ಲೂ ಚಿಪ್ಪಿನ ಅಡಿಯ ಪುಟ್ಟ ಉಬ್ಬುಗಳು ಆಂಟೆನಾದ ಎರಡು ತುದಿಗಳ ಮೇಲೆ ಸರಿಯಾಗಿ ಕೂರಬೇಕು. ಹಿಡಿದಿಡುವ ಅಂಟಿನಲ್ಲಿ ಲೋಹದ ಸೂಕ್ಷ್ಮ ಕಣಗಳಿರುತ್ತವೆ. ಒತ್ತಡ ಬಿದ್ದ ಕಡೆ ಮೇಲಿಂದ ಕೆಳಕ್ಕೆ ಮಾತ್ರ ವಿದ್ಯುತ್ ಹರಿಯುತ್ತದೆ, ಅಕ್ಕಪಕ್ಕಕ್ಕೆ ಹರಿಯಲ್ಲ. ಕೆಲವು ಸೆಕೆಂಡು ಬಿಸಿ ಮತ್ತು ಒತ್ತಡ ಕೊಟ್ಟರೆ ಕಸಿ ಆಯ್ತು.

ಇಲ್ಲಿಗೆ ತಯಾರಾದದ್ದಕ್ಕೆ ಇನ್‌ಲೇ ಅಂತ ಹೆಸರು. ಅಂಟು ಬಳಿಯದೆ ಬಿಟ್ಟರೆ ಡ್ರೈ ಇನ್‌ಲೇ. ಅಡಿಗೆ ಅಂಟು ಬಳಿದು, ಕಿತ್ತು ಅಂಟಿಸಲು ಬರುವಂತೆ ಮೇಣದ ಕಾಗದದ ಮೇಲೆ ಕೂರಿಸಿದರೆ ವೆಟ್ ಇನ್‌ಲೇ. ಅದರ ಮೇಲೆ ಮುದ್ರಣಕ್ಕೆ ಒಂದು ಮೇಲ್ಮೈ ಹಾಳೆ ಸೇರಿಸಿದರೆ ಪೂರ್ಣ ಲೇಬಲ್. ಈ ಮೇಲ್ಮೈ ಹಾಳೆ ಕಾಗದದ್ದೂ ಆಗಬಹುದು, ಪ್ಲಾಸ್ಟಿಕ್‌ದೂ ಆಗಬಹುದು. ತೋಟದಲ್ಲಿ ಬಾಳುವುದೋ ಇಲ್ಲವೋ ತೀರ್ಮಾನ ಆಗೋದು ಇಲ್ಲಿ. ಚಿಪ್ ಎರಡರಲ್ಲೂ ಒಂದೇ ಇರಬಹುದು, ಆದರೆ ಕಾಗದದ ಮೇಲ್ಮೈ ನೀರು ಹೀರುತ್ತದೆ.

ಫಾಸ್ಟ್ಯಾಗ್ ಕೂಡ ಅಂಟಿನ ಲೇಬಲ್ಲೇ. ಆದರೆ ಅದನ್ನು ಗಾಜಿನ ಒಳಬದಿಗೆ ಅಂಟಿಸುವುದರಿಂದ ಮಳೆ ತಾಗುವುದಿಲ್ಲ. ಕಿತ್ತರೆ ಹಾಳಾಗುವಂತೆ ಬೇಕೆಂದೇ ಕಟ್ಟಿರುತ್ತಾರೆ, ಒಂದು ಗಾಡಿಯದ್ದನ್ನು ಇನ್ನೊಂದಕ್ಕೆ ಹಾಕಬಾರದು ಅಂತ. ಪದರಗಳ ಹಿಡಿತ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅನ್ನೋದು ಲೆಕ್ಕ ಹಾಕಿ ಮಾಡಿದ್ದು.

ಎರಡನೇ ವಿಧಾನ: ಬೆಸುಗೆ

ಕಾರ್ಡ್ ಬೇರೆ ರೀತಿ. ಅದರ ಅಳತೆ ನಿಗದಿ: 85.6 ಮಿ.ಮೀ. ಉದ್ದ, ಸುಮಾರು 54 ಮಿ.ಮೀ. ಅಗಲ, 0.76 ಮಿ.ಮೀ. ದಪ್ಪ. ಅಷ್ಟು ದಪ್ಪದಲ್ಲಿ ಐದಾರು ಹಾಳೆಗಳಿರುತ್ತವೆ.

ಮೊದಲು ನಡುವಿನ ಪಿವಿಸಿ ಹಾಳೆಗೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಹೊಲಿದಂತೆ ಕೂರಿಸುತ್ತಾರೆ. ಶ್ರವಣಾತೀತ ಕಂಪನ ಕೊಡುವ ಒಂದು ತಲೆ ತಂತಿಯನ್ನು ಒತ್ತುತ್ತಾ ಹೋದಂತೆ ಪ್ಲಾಸ್ಟಿಕ್ ಕ್ಷಣಮಾತ್ರ ಕರಗಿ ತಂತಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ತಂತಿಯ ತುದಿಗಳನ್ನು ಚಿಪ್ಪಿಗೆ ಬೆಸೆಯುತ್ತಾರೆ. ಮೇಲೆ ಕೆಳಗೆ ಇನ್ನೊಂದೊಂದು ಹಾಳೆ ಇಟ್ಟು ಒತ್ತಿದರೆ ನಡುಗಟ್ಟು ಸಿದ್ಧ. ಇದನ್ನು ಪ್ರೀಲ್ಯಾಮ್ ಅನ್ನುತ್ತಾರೆ. ಕಾರ್ಡ್ ಮುದ್ರಿಸುವವರು ಬಹುತೇಕ ಇದನ್ನೇ ತರಿಸಿಕೊಳ್ಳೋದು.

ಆಮೇಲೆ ಎರಡೂ ಬದಿಗೆ ಮುದ್ರಿತ ಹಾಳೆ, ಅದರ ಮೇಲೆ ಪಾರದರ್ಶಕ ಹೊದಿಕೆ. ಎಲ್ಲವನ್ನೂ ಜೋಡಿಸಿ ನುಣುಪಾದ ಉಕ್ಕಿನ ತಟ್ಟೆಗಳ ನಡುವೆ ಇಟ್ಟು, ಪಿವಿಸಿಯಾದರೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒತ್ತುತ್ತಾರೆ. ಬಿಸಿ ಆರುವವರೆಗೂ ಒತ್ತಡ ಬಿಡುವಂತಿಲ್ಲ. ಬಿಟ್ಟರೆ ಕಾರ್ಡ್ ಸೊಟ್ಟಗಾಗುತ್ತದೆ, ಗುಳ್ಳೆ ಏಳುತ್ತದೆ. ಆರಿದ ಮೇಲೆ ದೊಡ್ಡ ಹಾಳೆಯಿಂದ ಒಂದೊಂದೇ ಕಾರ್ಡನ್ನು ಅಚ್ಚಿನಿಂದ ಕತ್ತರಿಸುತ್ತಾರೆ.

ಇಲ್ಲಿ ಗಮನಿಸಿ, ಹಾಳೆಗಳ ನಡುವೆ ಅಂಟೇ ಬೇಕಿಲ್ಲ. ಪ್ಲಾಸ್ಟಿಕ್ ಪ್ಲಾಸ್ಟಿಕ್‌ಗೆ ಕರಗಿ ಒಂದಾಗಿರುತ್ತದೆ. ಅದಕ್ಕೇ ಒಳ್ಳೆಯ ಕಾರ್ಡಿನ ಅಂಚನ್ನು ಉಗುರಿನಿಂದ ಬಿಡಿಸಲು ಬರಲ್ಲ, ನೀರು ಒಳಹೋಗಲು ದಾರಿಯೂ ಇರಲ್ಲ. ಅಗ್ಗದ ಕಾರ್ಡ್ ಅಂದರೆ ಬಿಸಿ, ಒತ್ತಡ, ಹೊತ್ತು ಈ ಮೂರರಲ್ಲಿ ಒಂದನ್ನು ಉಳಿಸಿದ್ದು ಅಂತಿಟ್ಟುಕೊಳ್ಳಿ. ಅಂಥದರ ಅಂಚಿನಲ್ಲಿ ಪದರದ ಗೆರೆ ಕಾಣುತ್ತದೆ, ಬಾಗಿಸಿದರೆ ಬಾಯಿ ಬಿಡುತ್ತದೆ.

ಪಿವಿಸಿಯ ದೌರ್ಬಲ್ಯ ಬಿಸಿ. 70–80 ಡಿಗ್ರಿ ಹತ್ತಿರ ಅದು ಮೆತ್ತಗಾಗತೊಡಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಕಾರ್ಡ್ ಹಪ್ಪಳದಂತೆ ಬಾಗೋದು ಅದಕ್ಕೇ. ಪಾಲಿಕಾರ್ಬೊನೇಟ್ ಕಾರ್ಡ್ ಇನ್ನೂ ಹೆಚ್ಚು ಬಿಸಿ ತಡೆಯುತ್ತದೆ, ಬೆಲೆಯೂ ಹೆಚ್ಚು.

ಮೂರನೇ ವಿಧಾನ: ಎರಕ

ಕಿವಿಯೋಲೆ, ಕೀಚೈನ್ ಬಿಲ್ಲೆ, ಮರಕ್ಕೆ ಹೊಡೆಯುವ ಮೊಳೆಯಂಥ ಟ್ಯಾಗ್, ಕ್ರೇಟಿಗೆ ರಿವೆಟ್ ಹಾಕುವ ಗಟ್ಟಿ ಟ್ಯಾಗ್, ಇವೆಲ್ಲ ಎರಕದವು. ಇನ್‌ಲೇಯನ್ನೋ ತಂತಿಸುರುಳಿಯನ್ನೋ ಅಚ್ಚಿನಲ್ಲಿಟ್ಟು ಸುತ್ತ ಪ್ಲಾಸ್ಟಿಕ್ ಅಥವಾ ಎಪಾಕ್ಸಿ ಹೊಯ್ಯುತ್ತಾರೆ. ಅಂಚೇ ಇಲ್ಲ, ಹಾಗಾಗಿ ಬಿಡಿಸಿಕೊಳ್ಳುವ ಪ್ರಶ್ನೆಯಿಲ್ಲ. ಜಾನುವಾರು ಓಲೆಗೆ ಮೆತ್ತನೆಯ ಪಾಲಿಯುರೆಥೇನ್ ಬಳಸುತ್ತಾರೆ. ಕೊಟ್ಟಿಗೆಯ ಕಂಬಕ್ಕೆ ತಿಕ್ಕಿದರೂ ಒಡೆಯುವುದಿಲ್ಲ, ಬಾಗಿ ನೆಟ್ಟಗಾಗುತ್ತದೆ.

ಇದರಲ್ಲೇ ಇನ್ನೊಂದು ಬಗೆ ಇದೆ. ಕ್ರೇಟ್ ತಯಾರಿಸುವಾಗಲೇ ಅಚ್ಚಿನೊಳಗೆ ಲೇಬಲ್ ಇಟ್ಟು ಪ್ಲಾಸ್ಟಿಕ್ ತುಂಬುತ್ತಾರೆ. ಲೇಬಲ್ ಕ್ರೇಟಿನ ಗೋಡೆಯ ಭಾಗವೇ ಆಗಿಬಿಡುತ್ತದೆ. ರೈತ ಉತ್ಪಾದಕ ಕಂಪನಿಗಳು ದೊಡ್ಡ ಪ್ರಮಾಣದಲ್ಲಿ ಹೊಸ ಕ್ರೇಟ್ ಮಾಡಿಸುವಾಗ ಇದನ್ನು ಕೇಳಿ ನೋಡಬಹುದು.

ತೋಟದ ಐದು ಶತ್ರುಗಳು

ನೀರು ಮತ್ತು ಸಿಂಪರಣೆ. ನೀರು ಲೇಬಲ್‌ನ ಮೇಲ್ಮೈಯಿಂದ ಬರೋದಕ್ಕಿಂತ ಅಂಚಿನಿಂದ ನುಗ್ಗೋದು ಹೆಚ್ಚು. ಅಡಿಕೆ ತೋಟದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬೋರ್ಡೋ ದ್ರಾವಣ ಸರಿಯಾಗಿದೆಯೋ ಅಂತ ನೋಡಲು ಕಬ್ಬಿಣದ ಚಾಕು ಅದ್ದುತ್ತೇವೆ. ಕೆಂಪು ಲೇಪ ಕೂತರೆ ಸುಣ್ಣ ಸಾಲದು, ತಾಮ್ರ ಬಿಡುವಾಗಿದೆ ಅಂತ ಲೆಕ್ಕ. ಆ ತಾಮ್ರ ಕಬ್ಬಿಣವನ್ನು ತಿಂದಂತೆ ಅಲ್ಯೂಮಿನಿಯಂ ಆಂಟೆನಾವನ್ನೂ ತಿನ್ನುತ್ತದೆ. ಸುಣ್ಣ ಹೆಚ್ಚಾದರೆ ಅದರ ಕ್ಷಾರವೂ ಅಲ್ಯೂಮಿನಿಯಂಗೆ ಆಗಿಬರಲ್ಲ. ಅಷ್ಟು ತೆಳು ಲೋಹ ಬಿಳಿ ಪುಡಿಯಾಗಲು ಹೆಚ್ಚು ದಿನ ಬೇಡ. ಸಿಂಪರಣೆ ತಾಗುವ ಕಡೆ ಅಂಚು ಮುಚ್ಚದ ಲೇಬಲ್ ಬೇಡವೇ ಬೇಡ.

ನೀರಿನದು ಇನ್ನೊಂದು ತೊಂದರೆ ಇದೆ. ಫಾಸ್ಟ್ಯಾಗ್ ಮಾದರಿಯ ಅಲೆಯನ್ನು ನೀರು ಹೀರುತ್ತದೆ. ಒದ್ದೆ ಕಾಂಡಕ್ಕೆ, ರಸ ತುಂಬಿದ ಹಣ್ಣಿನ ಪೆಟ್ಟಿಗೆಗೆ ಒತ್ತಿಕೊಂಡಿದ್ದರೆ ಓದುವ ದೂರ ತೀರಾ ಕುಗ್ಗುತ್ತದೆ. ಎನ್‌ಎಫ್‌ಸಿಗೆ ಈ ತೊಂದರೆ ಕಡಿಮೆ.

ಬಿಸಿಲು. ಪಾಲಿಹೌಸ್ ಶೀಟಿಗೆ ಯುವಿ ಸ್ಟೆಬಿಲೈಸರ್ ಯಾಕೆ ಸೇರಿಸುತ್ತಾರೆ ಅಂತ ನಿಮಗೆ ಗೊತ್ತು. ಅದಿಲ್ಲದ ಪ್ಲಾಸ್ಟಿಕ್ ಬಿಸಿಲಲ್ಲಿ ಹಳದಿಯಾಗಿ, ಗರಿಗರಿಯಾಗಿ ಒಡೆಯುತ್ತದೆ. ಲೇಬಲ್ ಮೇಲ್ಮೈಗೂ ಅದೇ ನಿಯಮ.

ಬಾಗುವಿಕೆ. ಫಿಲಂ ಬಾಗುತ್ತದೆ, ಚಿಪ್ ಬಾಗಲ್ಲ. ಅದು ಗಾಜಿನಂಥ ಸಿಲಿಕಾನ್. ತುಂಬಾ ಸಣ್ಣ ಸುತ್ತಿಗೆ ಬಾಗಿಸಿದರೆ ಕಸಿ ಜಾಗ ಬಿಟ್ಟುಕೊಳ್ಳುತ್ತದೆ. ನೆನಪಿಡಲು ಸುಲಭದ ಲೆಕ್ಕ: 2 ಇಂಚಿನ ನೀರಿನ ಪೈಪಿಗಿಂತ ತೆಳ್ಳಗಿನ ಯಾವುದಕ್ಕೂ ಲೇಬಲ್ ಸುತ್ತಬೇಡಿ. ಚಿಪ್ ಇರುವ ಜಾಗದ ಮೇಲೆ ಸ್ಟೇಪ್ಲರ್, ಮೊಳೆ, ಬಿಗಿ ಕ್ಲಿಪ್ ಯಾವುದೂ ಬೇಡ.

ಲೋಹ. ಕಬ್ಬಿಣದ ಕಂಬ, ಜಿಐ ಪೈಪ್, ಟಿಲ್ಲರ್ ಬಾಡಿಗೆ ಸಾದಾ ಲೇಬಲ್ ಅಂಟಿಸಿದರೆ ಓದುವುದೇ ಇಲ್ಲ. ಲೋಹ ಆಂಟೆನಾದ ಕೆಲಸ ಕೆಡಿಸುತ್ತದೆ. ಇದಕ್ಕಾಗಿಯೇ ಆಂಟಿ-ಮೆಟಲ್ ಲೇಬಲ್ ಸಿಗುತ್ತವೆ. ಎನ್‌ಎಫ್‌ಸಿಯಾದರೆ ಆಂಟೆನಾ ಅಡಿಗೆ ತೆಳ್ಳಗಿನ ಫೆರೈಟ್ ಹಾಳೆ ಸೇರಿಸಿರುತ್ತಾರೆ, ದೂರದಿಂದ ಓದುವ ಬಗೆಯಾದರೆ ಫೋಮ್‌ನಂಥ ದಪ್ಪ ಪದರ ಇಟ್ಟು ಲೋಹದಿಂದ ಅಂತರ ಕಾಯುತ್ತಾರೆ.

ಜಾರುವ ಮೇಲ್ಮೈ. ಹಣ್ಣು ತರಕಾರಿಯ ಪ್ಲಾಸ್ಟಿಕ್ ಕ್ರೇಟ್ ಹೆಚ್ಚಾಗಿ ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದ ಹಾಗೆ ಇವುಗಳ ಮೇಲೆ ಮಾಮೂಲಿ ಅಂಟು ನಿಲ್ಲಲ್ಲ. ಇಂಥ ಮೇಲ್ಮೈಗೆಂದೇ ಮಾಡಿದ ಅಂಟು ಬೇಕು. ಅಂಟಿಸುವ ಮುನ್ನ ಧೂಳು, ಎಣ್ಣೆ ಒರೆಸಿ ಒಣಗಿಸಿ, ಗಟ್ಟಿಯಾಗಿ ಒತ್ತಿ, ಕನಿಷ್ಠ ಒಂದು ದಿನ ನೀರು ತಾಗಿಸಬೇಡಿ. ಅಂಟು ಪೂರ್ತಿ ಹಿಡಿಯಲು ಅಷ್ಟು ಹೊತ್ತು ಬೇಕು.

ಯಾವ ಕೆಲಸಕ್ಕೆ ಯಾವುದು?

ಮರಗಳಿಗೆ: ತೂಗುಹಾಕುವ ಎನ್‌ಎಫ್‌ಸಿ ಟ್ಯಾಗ್, ಬೆಸೆದದ್ದು ಅಥವಾ ಎರಕದ್ದು. ತೊಗಟೆಗೆ ಅಂಟಿಸಬೇಡಿ, ತೊಗಟೆ ಉದುರುತ್ತದೆ, ಕಾಂಡ ದಪ್ಪಗಾಗುತ್ತದೆ. ಕಟ್ಟುವ ದಾರ ಸಡಿಲವಿರಲಿ, ಬಿಗಿ ತಂತಿ ಎರಡು ವರ್ಷದಲ್ಲಿ ಕೊಂಬೆಯನ್ನೇ ಕೊಯ್ಯುತ್ತದೆ.

ಕ್ರೇಟ್‌ಗಳಿಗೆ: ರಿವೆಟ್ ಅಥವಾ ಕೇಬಲ್ ಟೈ ಹಾಕುವ ಎರಕದ ಟ್ಯಾಗ್. ದಿನಕ್ಕೆ ನೂರಾರು ಕ್ರೇಟ್ ಎಣಿಸುವ ಪ್ಯಾಕ್‌ಹೌಸ್ ಇದ್ದರೆ ಮಾತ್ರ ದೂರದಿಂದ ಓದುವ ಬಗೆ. ಇಲ್ಲದಿದ್ದರೆ ರೀಡರ್ ಖರ್ಚು ಹುಟ್ಟಲ್ಲ.

ಕೆಲಸಗಾರರ ಹಾಜರಿಗೆ: ಬೆಸೆದ ಪಿವಿಸಿ ಕಾರ್ಡ್. ದಾರ ಹಾಕಲು ತೂತು ಹೊಡೆಯುವವರು ಮೊದಲು ಟಾರ್ಚ್ ಮೇಲೆ ಇಟ್ಟು ಸುರುಳಿ ಎಲ್ಲಿದೆ ನೋಡಿ. ಆಂಟೆನಾ ಅಂಚಿನ ಗುಂಟವೇ ಹೋಗುವುದರಿಂದ ಪಂಚಿಂಗ್ ಮಷಿನ್‌ನ ಒಂದೇ ಏಟಿಗೆ ಕಾರ್ಡ್ ಸತ್ತುಹೋಗಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ಕೊಡುವುದೇ ಸಲೀಸು.

ಬೀಜದ ಡಬ್ಬಿ, ಗೋದಾಮಿನ ಚೀಲಕ್ಕೆ: ನೆರಳು, ಒಣ ಜಾಗ. ಇಲ್ಲಿ ಕಾಗದದ ಲೇಬಲ್ಲೂ ನಡೆಯುತ್ತದೆ. ಹೆಚ್ಚು ದುಡ್ಡು ಹಾಕಬೇಕಿಲ್ಲ.

ಪಂಪ್, ಟಿಲ್ಲರ್, ಕಬ್ಬಿಣದ ಸಾಮಾನಿಗೆ: ಫೆರೈಟ್ ಪದರದ ಆಂಟಿ-ಮೆಟಲ್ ಲೇಬಲ್.

ಜೆರಾಕ್ಸ್ ಅಂಗಡಿಯಲ್ಲೇ ಮಾಡಿಕೊಳ್ಳುವ ಮರದ ಟ್ಯಾಗ್

ಐವತ್ತು ನೂರು ಮರ ಇರುವವರು ಗಟ್ಟಿ ಟ್ಯಾಗ್ ಕೊಳ್ಳಲೇಬೇಕಿಲ್ಲ. ಲ್ಯಾಮಿನೇಶನ್ ಪೌಚ್ ಸಾಕು. ಅದರ ಹೊರಪದರ ಪೆಟ್, ಒಳಪದರ ಬಿಸಿಗೆ ಕರಗಿ ಅಂಟುವ ಪ್ಲಾಸ್ಟಿಕ್. ಹೀಗೆ ಮಾಡಿ:

1. ಗಟ್ಟಿ ಕಾಗದದ ಚೀಟಿಯಲ್ಲಿ ಮರದ ನಂಬರ್ ದೊಡ್ಡದಾಗಿ ಬರೆಯಿರಿ. ಬಾಲ್ ಪೆನ್, ಇಂಕ್‌ಜೆಟ್ ಬಿಸಿಲಿಗೆ ಮಾಸುತ್ತದೆ. ಪೆನ್ಸಿಲ್ ಅಥವಾ ಲೇಸರ್ ಪ್ರಿಂಟ್ ಉಳಿಯುತ್ತದೆ.

2. ಪ್ಲಾಸ್ಟಿಕ್ ಮೇಲ್ಮೈಯ ತೆಳು ಎನ್‌ಎಫ್‌ಸಿ ಸ್ಟಿಕ್ಕರನ್ನು ಚೀಟಿಯ ಹಿಂಬದಿಗೆ ಅಂಟಿಸಿ. ಮಾಹಿತಿ ಬರೆದು, ಓದುತ್ತದೆಯೇ ಅಂತ ಮೊಬೈಲಲ್ಲಿ ನೋಡಿಕೊಳ್ಳಿ.

3. ಪೌಚ್ ಒಳಗಿಟ್ಟಾಗ ಚೀಟಿಯ ಮೂರು ಕಡೆ 10 ಮಿ.ಮೀ., ಮೇಲೆ 20 ಮಿ.ಮೀ. ಖಾಲಿ ಫಿಲಂ ಉಳಿಯಲಿ. ಈ ಖಾಲಿ ಅಂಚೇ ನಿಮ್ಮ ಬೇಲಿ. ಕಾಗದ ಅಂಚಿನವರೆಗೆ ಬಂದರೆ ದೀಪದ ಬತ್ತಿ ಎಣ್ಣೆ ಹೀರುವಂತೆ ನೀರು ಹೀರುತ್ತದೆ.

4. ಮೊದಲು ಎರಡೇ ಎರಡು ಲ್ಯಾಮಿನೇಟ್ ಮಾಡಿಸಿ. ಆರಿದ ಮೇಲೆ ಓದಿ ನೋಡಿ. ಓದದಿದ್ದರೆ ಆ ಮಷಿನ್‌ನ ಬಿಸಿ ಅಥವಾ ರೋಲರ್ ಒತ್ತಡ ಚಿಪ್ಪಿಗೆ ಹೆಚ್ಚಾಯಿತು ಅಂತ ಅರ್ಥ. ಆಗ ಬಿಸಿ ಬೇಡದ, ಒತ್ತಿ ಅಂಟಿಸುವ ಕೋಲ್ಡ್ ಲ್ಯಾಮಿನೇಶನ್ ಫಿಲಂ ಬಳಸಿ.

5. ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆಯಿಂದಲೇ ಪದರ ಬಿಡಿಸಿಕೊಳ್ಳಲು ಶುರುವಾಗೋದು. ತೂತನ್ನು ಮೇಲಿನ ಖಾಲಿ ಫಿಲಂನಲ್ಲೇ ಹೊಡೆಯಿರಿ, ಕಾಗದದ ಮೇಲೆ ಅಲ್ಲ.

6. ಎಲೆಗಳ ನೆರಳು ಬೀಳುವ ಕೊಂಬೆಗೆ ತೂಗುಹಾಕಿ. ಪ್ರತಿ ಮಳೆಗಾಲಕ್ಕೆ ಮುಂಚೆ ಅಂಚು ಬಿಳಿಯಾಗಿದೆಯೇ ನೋಡಿ. ಬಿಳಿ ಕಂಡರೆ ಗಾಳಿ, ನೀರು ಸೇರಿದೆ ಅಂತ. ಬದಲಿಸಿ.

ಚಿಪ್ಪಿನಲ್ಲಿ ಏನು ಬರೆಯಬೇಕು ಅನ್ನೋದಕ್ಕೂ ಒಂದು ಮಾತು. ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವ ಎನ್‌ಟ್ಯಾಗ್ 213 ಚಿಪ್ಪಿನಲ್ಲಿ ನಮಗೆ ಸಿಗೋದು 144 ಬೈಟ್ ಮಾತ್ರ. ಕನ್ನಡದ ಒಂದೊಂದು ಅಕ್ಷರ, ಗುಣಿತದ ಗುರುತು, ಒತ್ತಿನ ಗುರುತು ತಲಾ 3 ಬೈಟ್ ತಿನ್ನುತ್ತವೆ. ‘ಕನ್ನಡ’ ಅನ್ನುವ ಪದವೊಂದೇ 15 ಬೈಟ್. ಹಾಗಾಗಿ ಚಿಪ್ಪಿನಲ್ಲಿ ಮರದ ನಂಬರ್ ಅಥವಾ ನಿಮ್ಮ ಶೀಟಿನ ಚಿಕ್ಕ ಲಿಂಕ್ ಸಾಕು, ಸಿಂಪರಣೆಯ ವಿವರ ಮೊಬೈಲಲ್ಲೇ ಇರಲಿ. ಆ್ಯಪ್‌ನಲ್ಲಿ ಲಾಕ್ ಅನ್ನುವ ಬಟನ್ ಒತ್ತುವ ಮುನ್ನ ಎರಡು ಸಲ ಯೋಚಿಸಿ. ಒಮ್ಮೆ ಶಾಶ್ವತವಾಗಿ ಲಾಕ್ ಮಾಡಿದರೆ ಮತ್ತೆ ಬದಲಿಸಲು ಬರಲ್ಲ.

ಕೊಳ್ಳುವ ಮುನ್ನ 15 ದಿನದ ಪರೀಕ್ಷೆ

ಮಾರುವವರ ಹತ್ತಿರ ಹತ್ತು ಮಾದರಿ ಕೇಳಿ. ಎಲ್ಲವನ್ನೂ ಓದಿ, ನಂಬರ್ ಬರೆದುಕೊಳ್ಳಿ. ಎರಡನ್ನು ಮನೆಯ ಕಪಾಟಿನಲ್ಲಿಡಿ. ಮೂರನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ನಿಮ್ಮ ತೋಟದಲ್ಲಿ ಬೋರ್ಡೋ ಹೊಡೆಯುವುದಿದ್ದರೆ ಉಳಿದ ದ್ರಾವಣವನ್ನೇ ಒಂದು ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ. ಮೂರನ್ನು ಬಿಸಿಲು ಬೀಳುವ ಕಟ್ಟೆಯ ಮೇಲೆ ಒಣಹಾಕಿ. ಉಳಿದ ಎರಡನ್ನು 2 ಇಂಚಿನ ಪೈಪಿಗೆ ದಿನಕ್ಕೆ ಹತ್ತು ಸಲ ಬಾಗಿಸಿ ಬಿಡಿ. 15 ದಿನ ಕಳೆದ ಮೇಲೆ ಎಲ್ಲವನ್ನೂ ಮತ್ತೆ ಓದಿ, ಅಂಚನ್ನು ಉಗುರಿನಿಂದ ಕೆರೆದು ನೋಡಿ. ಹತ್ತು ಟ್ಯಾಗ್ ಹಾಳಾದರೆ ನಷ್ಟ ಹತ್ತರದ್ದು, ಐನೂರರದ್ದಲ್ಲ.

ಜೊತೆಗೆ ಈ ಪ್ರಶ್ನೆ ಕೇಳಿ:

• ಮೇಲ್ಮೈ ಕಾಗದವೋ, ಪೆಟ್ಟೋ, ಬೇರೆ ಪ್ಲಾಸ್ಟಿಕ್ಕೋ?
• ಪದರಗಳನ್ನು ಅಂಟಿಸಿದ್ದೋ, ಬೆಸೆದದ್ದೋ, ಎರಕವೋ?
• ಯುವಿ ತಡೆ ಇದೆಯೇ?
• ನನ್ನ ಮೊಬೈಲ್ ಓದುತ್ತದೆಯೇ, ಬೇರೆ ರೀಡರ್ ಬೇಕೇ?
• ಲೋಹದ ಮೇಲೆ, ಎಚ್‌ಡಿಪಿಇ ಮೇಲೆ ನಡೆಯುತ್ತದೆಯೇ?
• ಐಪಿ67 ಅಥವಾ ಐಪಿ68 ಅಂತ ಬರೆದಿದ್ದರೆ, ಅದು ಪೂರ್ತಿ ಟ್ಯಾಗ್‌ಗೋ, ಬರೀ ಚಿಪ್ ಭಾಗಕ್ಕೋ?

ಉತ್ತರ ಗೊತ್ತಿಲ್ಲದವರ ಹತ್ತಿರ ಕೊಳ್ಳಬೇಡಿ.

ಕೊನೆಗೆ ಮೂರು ಮಾತು

ಒಂದು, ಯಾವ ಟ್ಯಾಗ್ ಹಾಕಿದರೂ ಕಣ್ಣಿಗೆ ಕಾಣುವ ನಂಬರ್ ಅದರ ಮೇಲೆ ಇರಲೇಬೇಕು. ಚಿಪ್ ಸತ್ತ ದಿನ ಆ ನಂಬರೇ ನಿಮ್ಮ ದಾಖಲೆಯನ್ನು ಉಳಿಸೋದು.

ಎರಡು, ಎನ್‌ಪಿಒಪಿ ಆಗಲಿ, ಪಿಜಿಎಸ್-ಇಂಡಿಯಾ ಆಗಲಿ ಟ್ಯಾಗ್ ಹಾಕಿ ಅಂತ ಕೇಳುವುದಿಲ್ಲ, ದಾಖಲೆ ಕೇಳುತ್ತವೆ. ಇಪ್ಪತ್ತು ಮರಕ್ಕೆ ನೋಟ್‌ಬುಕ್ ಸಾಕು. ‘ಪ್ರಮಾಣಪತ್ರಕ್ಕೆ ಇದು ಕಡ್ಡಾಯ’ ಅಂತ ಹೇಳಿ ಮಾರಲು ಬಂದವರನ್ನು ಚಹಾ ಕೊಟ್ಟು ಕಳಿಸಿಬಿಡಿ.

ಮೂರು, ಇವೆಲ್ಲ ಪ್ಲಾಸ್ಟಿಕ್, ಲೋಹ, ಅಂಟು ಸೇರಿದ ವಸ್ತು. ಪದರ ಬೇರೆಯಾಗದಂತೆಯೇ ಮಾಡಿದ್ದರಿಂದ ಮರುಬಳಕೆ ಕಷ್ಟ, ಮಣ್ಣಲ್ಲಿ ಕರಗುವುದೂ ಇಲ್ಲ. ಸತ್ತ ಟ್ಯಾಗನ್ನು ಗೊಬ್ಬರದ ಗುಂಡಿಗೆ ಬಿಸಾಡಬೇಡಿ, ಸೊಪ್ಪು ಸದೆ ಜೊತೆ ಸುಡಬೇಡಿ. ಒಂದು ಡಬ್ಬಿಯಲ್ಲಿ ಕೂಡಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಎಷ್ಟು ಬಾಳುವ ಟ್ಯಾಗ್ ಆರಿಸುತ್ತೀರೋ ಆ ಡಬ್ಬಿ ತುಂಬಲು ಅಷ್ಟು ವರ್ಷ ಹಿಡಿಯುತ್ತದೆ.